ಅಮೆರಿಕಾ ದೇಶದ ವೃದ್ಧರ ಆರೋಗ್ಯವಿಮೆಯಲ್ಲಿ ಕಾಲನಿಯಮ

ಯಾವ ವಿಧಿಗಾದರೂ ಅಧಿಕಾರಿ, ಕಾಲ, ಕ್ರಮ ಎಂಬ ಮೂರು ಅಂಗಗಳಿರುವುವು. ಅಧಿಕಾರವಿದ್ದರೂ ಕಾಲವು ತಪ್ಪಿದರೆ ಕರ್ಮವು ಫಲಿಸದೆಂಬುದು ಧರ್ಮಶಾಸ್ತ್ರವನ್ನು ಓದಿದವರಿಗೆ ಹೊಸ ಮಾತಲ್ಲ. ಆಧುನಿಕ ರಾಜ್ಯಶಾಸನಗಳಲ್ಲಿಯೂ ಈ ತತ್ತ್ವವು ಬೇರೊಂದು ವೇಷದಲ್ಲಿ ಕಾಣಬರುವುದು. ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲಿ ವೃದ್ಧರಿಗಾಗಿ ಸರಕಾರವು ನಡೆಯಿಸುತ್ತಿರುವ ಮೆಡಿಕೇರ್ ಎಂಬ ಆರೋಗ್ಯವಿಮೆಯು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಅರುವತ್ತೈದು ವರ್ಷ ತುಂಬಿದವನು ವಿಮೆಗೆ ಅಧಿಕಾರಿಯಾಗುವನು. ಆದರೆ ಬೇಕಾದಾಗ ಸೇರುವ, ಬೇಡವಾದಾಗ ಬದಲಾಯಿಸುವ ಸ್ವಾತಂತ್ರ್ಯವು ಅವನಿಗಿಲ್ಲ. ಸೇರುವುದಕ್ಕೊಂದು ಕಾಲ, ಬದಲಾಯಿಸುವುದಕ್ಕೆ ಮತ್ತೊಂದು ಕಾಲ, ತಪ್ಪಿದವನಿಗೆ ಮಗುದೊಂದು ಕಾಲ, ಹೀಗೆ ಕಾಲಗಳು ಅನೇಕವಾಗಿವೆ. ಮಕ್ಕಳೊಡನೆ ಇರಲೆಂದು ಕನ್ನಡನಾಡಿನಿಂದ ಆ ದೇಶಕ್ಕೆ ಹೋಗಿ ನೆಲಸಿದ ತಾಯಿತಂದೆಗಳಿಗೂ ಈ ವಿಷಯವು ಸಂಬಂಧಪಟ್ಟುದಾದುದರಿಂದ, ಆ ಕಾಲನಿಯಮಗಳ ಸ್ವರೂಪವನ್ನೂ ಅವುಗಳ ಹಿಂದಿನ ಯುಕ್ತಿಯನ್ನೂ ವಿಚಾರಿಸುವುದು ಉಚಿತವಾಗಿದೆ.

೧. ಶಾಸನದ ಹುಟ್ಟು ಮತ್ತು ಅದರ ಭಾಗಗಳು

೧೯೬೫ನೆಯ ಇಸವಿ ಜುಲೈ ೩೦ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮಿಸೌರಿ ಸಂಸ್ಥಾನದ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ ಈ ಶಾಸನಕ್ಕೆ ಸಹಿ ಹಾಕಿದರು. ಅದು ಮಾಜಿ ಅಧ್ಯಕ್ಷರಾದ ಹ್ಯಾರಿ ಟ್ರೂಮನ್ ಅವರ ಊರು. ಇಂತಹ ವಿಮೆಗಾಗಿ ಹಿಂದೆ ಪ್ರಯತ್ನಿಸಿ ವಿಫಲರಾಗಿದ್ದ ಟ್ರೂಮನ್ ಅವರಿಗೇ ಮೊದಲನೆಯ ಸದಸ್ಯಪತ್ರವು ಸಂದಿತು. ಮರುವರ್ಷ, ಎಂದರೆ ೧೯೬೬ನೆಯ ಜುಲೈ ೧ರಿಂದ, ವಿಮೆಯು ಆಚರಣೆಗೆ ಬಂದಿತು.

ಇದರ ಭಾಗಗಳನ್ನು ಅಕ್ಷರಗಳಿಂದ ಕರೆಯುವುದು ವಾಡಿಕೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವಾಗಿನ ವೆಚ್ಚಕ್ಕೆ ಸಂಬಂಧಪಟ್ಟದ್ದು ‘ಎ’ ಭಾಗ. ವೈದ್ಯರ ಸಂದರ್ಶನ, ಪರೀಕ್ಷೆ, ಹೊರರೋಗಿಯ ಚಿಕಿತ್ಸೆ ಮೊದಲಾದುವಕ್ಕೆ ‘ಬಿ’ ಭಾಗ. ಇವೆರಡೂ ಕೂಡಿ ಮೂಲ ಮೆಡಿಕೇರ್ ಎನಿಸುವುವು. ಇವುಗಳ ಫಲವನ್ನು ಸರಕಾರದಿಂದ ನೇರವಾಗಿ ಪಡೆಯದೆ, ಸರಕಾರವು ಒಪ್ಪಿದ ಖಾಸಗಿ ಕಂಪನಿಗಳ ಮೂಲಕ ಪಡೆಯುವ ಮಾರ್ಗವು ‘ಸಿ’ ಭಾಗ. ೧೯೯೭ರ ಶಾಸನದಿಂದ ನೆಲೆಗೊಂಡ ಇದಕ್ಕೆ ಈಗ ಮೆಡಿಕೇರ್ ಅಡ್ವಾಂಟೇಜ್ ಎಂದು ಹೆಸರು. ಔಷಧಗಳ ವೆಚ್ಚಕ್ಕೆ ‘ಡಿ’ ಭಾಗ. ಇದು ೨೦೦೩ರಲ್ಲಿ ಶಾಸನವಾಗಿ ೨೦೦೬ನೆಯ ಜನವರಿ ೧ರಿಂದ ನಡೆಯುತ್ತಿದೆ. ಇವಲ್ಲದೆ, ಮೂಲ ಮೆಡಿಕೇರಿನಲ್ಲಿ ರೋಗಿಯ ಪಾಲಿಗೆ ಉಳಿಯುವ ವೆಚ್ಚವನ್ನು ತುಂಬಿಕೊಡುವ ಮೆಡಿಗ್ಯಾಪ್ ಎಂಬ ಪೂರಕವಿಮೆಯುಂಟು; ಇದನ್ನು ಖಾಸಗಿ ಕಂಪನಿಗಳು ಮಾರುವುವು. ಒಂದೊಂದು ಭಾಗಕ್ಕೂ ಕಾಲವು ಬೇರೆಯಾಗಿರುವುದೇ ಸಾಮಾನ್ಯರ ಗೊಂದಲಕ್ಕೆ ಮೂಲಕಾರಣ.

೨. ಮೊದಲನೆಯ ಕಾಲ

ಸಂಸ್ಕಾರಗಳಿಗೆ ಮುಖ್ಯಕಾಲವೆಂದೂ ಗೌಣಕಾಲವೆಂದೂ ಎರಡು ಬಗೆ ಹೇಳಿರುವಂತೆ, ಇಲ್ಲಿಯೂ ಜನ್ಮಕ್ಕೊಮ್ಮೆ ಬರುವ ಮುಖ್ಯಕಾಲವೊಂದುಂಟು. ಇದರ ಪ್ರಮಾಣ ಏಳು ತಿಂಗಳು: ಅರುವತ್ತೈದು ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ಆಗಸ್ಟ್ ೨೦ರಂದು ಅರುವತ್ತೈದು ತುಂಬುವವನಿಗೆ ಮೇ ೧ರಿಂದ ನವಂಬರ್ ೩೦ರ ವರೆಗೆ ಈ ಕಾಲವಿರುವುದು. ತುಂಬುವ ತಿಂಗಳಿಗೆ ಮುಂಚೆಯೇ ಹೆಸರನ್ನು ಬರೆಯಿಸಿದವನಿಗೆ ಆ ತಿಂಗಳ ಮೊದಲನೆಯ ದಿನದಿಂದಲೇ ವಿಮೆಯು ಸಲ್ಲುವುದು. ಆ ತಿಂಗಳಲ್ಲಿ ಅಥವಾ ಆಮೇಲೆ ಬರೆಯಿಸಿದವನಿಗೆ, ಬರೆಯಿಸಿದ ಮುಂದಿನ ತಿಂಗಳ ಮೊದಲನೆಯ ದಿನದಿಂದ ಸಲ್ಲುವುದು. ೨೦೨೩ಕ್ಕಿಂತ ಹಿಂದೆ, ತಡಮಾಡಿದವನು ಎರಡು ಮೂರು ತಿಂಗಳು ಕಾಯಬೇಕಾಗಿತ್ತು. ಆ ವರ್ಷದ ಜನವರಿಯಿಂದ ಆ ತೊಂದರೆಯು ನಿವಾರಣೆಯಾಗಿದೆ.

ಇಲ್ಲೊಂದು ಸೂಕ್ಷ್ಮವಿದೆ. ಆ ದೇಶದ ಶಾಸನಪದ್ಧತಿಯಲ್ಲಿ ಮನುಷ್ಯನಿಗೆ ವಯಸ್ಸು ತುಂಬುವುದು ಹುಟ್ಟಿದ ದಿನದಂದಲ್ಲ, ಅದರ ಹಿಂದಿನ ದಿನದಂದು. ಆದುದರಿಂದ ತಿಂಗಳ ಮೊದಲನೆಯ ತಾರೀಖಿನಲ್ಲಿ ಹುಟ್ಟಿದವನಿಗೆ ಹಿಂದಿನ ತಿಂಗಳಲ್ಲಿಯೇ ಅರುವತ್ತೈದು ತುಂಬಿದಂತಾಗುವುದು. ಆಗಸ್ಟ್ ೧ರಂದು ಹುಟ್ಟಿದವನ ಏಳು ತಿಂಗಳು ಏಪ್ರಿಲ್ ೧ಕ್ಕೆ ಮೊದಲಾಗಿ ಅಕ್ಟೋಬರ್ ೩೧ಕ್ಕೆ ಮುಗಿಯುವುವು. ಆಗಸ್ಟ್ ೨ರಂದು ಹುಟ್ಟಿದವನಿಗಾದರೋ ಮೇ ತಿಂಗಳಿನಿಂದ ಲೆಕ್ಕ. ಒಂದು ದಿನದ ಅಂತರವು ಒಂದು ತಿಂಗಳ ಅಂತರವಾಗುವ ಈ ನಿಯಮವನ್ನರಿಯದೆ ಕೊನೆಯ ತಿಂಗಳಿಗೆ ಕಾದವನು ಕಾಲವನ್ನು ಕಳೆದುಕೊಳ್ಳುವನು.

ಸೋಷಿಯಲ್ ಸೆಕ್ಯುರಿಟಿ ಎಂಬ ಸರಕಾರಿ ವೃದ್ಧವೇತನವನ್ನು ಅರುವತ್ತೈದಕ್ಕೆ ನಾಲ್ಕು ತಿಂಗಳಾದರೂ ಮುಂಚಿನಿಂದ ಪಡೆಯುತ್ತಿರುವವರನ್ನು ಸರಕಾರವೇ ಎ, ಬಿ ಭಾಗಗಳಿಗೆ ಸೇರಿಸುವುದು. ಅವರು ಅರ್ಜಿ ಕೊಡಬೇಕಾಗಿಲ್ಲ. ಉಳಿದವರು ತಾವೇ ಹೋಗಿ ಹೆಸರನ್ನು ಬರೆಯಿಸಬೇಕು. ಪೂರ್ವದಲ್ಲಿ ಪೂರ್ಣ ವೃದ್ಧವೇತನದ ವಯಸ್ಸೂ ವಿಮೆಯ ವಯಸ್ಸೂ ಅರುವತ್ತೈದೇ ಆಗಿದ್ದುವು. ೧೯೮೩ರ ತಿದ್ದುಪಡಿಯಿಂದ ವೇತನದ ವಯಸ್ಸು ಕ್ರಮವಾಗಿ ಏರಿ, ೧೯೬೦ರಲ್ಲಿಯೂ ಆಮೇಲೆಯೂ ಹುಟ್ಟಿದವರಿಗೆ ಅರುವತ್ತೇಳಾಯಿತು. ವಿಮೆಯ ವಯಸ್ಸು ಮಾತ್ರ ಅರುವತ್ತೈದರಲ್ಲಿಯೇ ನಿಂತಿತು. ಪೂರ್ಣವೇತನಕ್ಕಾಗಿ ಕಾಯುವವನು ತಾನಾಗಿ ಸೇರ್ಪಡೆಯಾಗುವ ಗುಂಪಿನಿಂದ ಹೊರಗುಳಿದನು. ಜೊತೆಜೊತೆಯಾಗಿದ್ದ ಎರಡು ಕಾಲಗಳು ಹೀಗೆ ಅಗಲಿದುದೇ ಅನೇಕರು ಮುಖ್ಯಕಾಲವನ್ನು ಮರೆಯುವುದಕ್ಕೆ ಕಾರಣವೆನ್ನಬಹುದು.

೩. ಕಾಲಾತಿಕ್ರಮಣ ಮತ್ತು ದಂಡ

ಏಳು ತಿಂಗಳು ಕಳೆದ ಮೇಲೆ ಬಿ ಭಾಗಕ್ಕೆ ಸೇರಬೇಕಾದರೆ ಪ್ರತಿ ವರ್ಷವೂ ಜನವರಿ ೧ರಿಂದ ಮಾರ್ಚ್ ೩೧ರ ವರೆಗೆ ಇರುವ ಸಾಮಾನ್ಯಕಾಲವನ್ನು ಕಾಯಬೇಕು. ಇದನ್ನು ಗೌಣಕಾಲವೆನ್ನಬಹುದು. ಹೆಸರು ಬರೆಯಿಸಿದ ಮುಂದಿನ ತಿಂಗಳಿನಿಂದ ವಿಮೆಯು ಸಲ್ಲುವುದು. ೨೦೨೩ಕ್ಕೆ ಮುಂಚೆ ಯಾವಾಗ ಬರೆಯಿಸಿದರೂ ಜುಲೈ ೧ರ ವರೆಗೆ ಕಾಯಬೇಕಾಗಿತ್ತು. ಏಪ್ರಿಲಿನಲ್ಲಿ ಎಚ್ಚರಗೊಂಡವನಿಗಂತೂ ಮುಂದಿನ ಜನವರಿಯ ವರೆಗೆ ದಾರಿಯಿಲ್ಲ.

ಗೌಣಕಾಲದಲ್ಲಿ ಸೇರಿದವನಿಗೆ ದಂಡವುಂಟು. ತಪ್ಪಿದ ಒಂದೊಂದು ಪೂರ್ಣವರ್ಷಕ್ಕೂ ಮಾಸಿಕ ಕಂತು ನೂರಕ್ಕೆ ಹತ್ತರಂತೆ ಏರುವುದು. ೨೦೨೨ನೆಯ ಸೆಪ್ಟೆಂಬರ್ ೩೦ಕ್ಕೆ ಮುಖ್ಯಕಾಲವು ಮುಗಿದವನೊಬ್ಬನು ೨೦೨೫ನೆಯ ಮಾರ್ಚಿಯಲ್ಲಿ ಹೆಸರನ್ನು ಬರೆಯಿಸಿದನೆಂದು ಭಾವಿಸಬಹುದು. ನಡುವೆ ಕಳೆದವು ಮೂವತ್ತು ತಿಂಗಳು, ಪೂರ್ಣವರ್ಷಗಳು ಎರಡೇ, ಆದುದರಿಂದ ದಂಡವು ನೂರಕ್ಕೆ ಇಪ್ಪತ್ತು. ೨೦೨೫ರಲ್ಲಿ ಬಿ ಭಾಗದ ಸಾಮಾನ್ಯ ಕಂತು ತಿಂಗಳಿಗೆ ೧೮೫ ಡಾಲರ್ ಇದ್ದುದರಿಂದ, ಅವನು ೩೭ ಡಾಲರ್ ಹೆಚ್ಚಾಗಿ, ಒಟ್ಟು ೨೨೨ ಡಾಲರ್ ಕೊಡಬೇಕಾಯಿತು. ಮೂಲ ಕಂತು ವರ್ಷ ವರ್ಷವೂ ಬದಲಾಗುವುದರಿಂದ ದಂಡದ ಮೊತ್ತವೂ ಅದರೊಡನೆ ಏರುವುದು.

ಈ ದಂಡವನ್ನು ಪ್ರಾಯಶ್ಚಿತ್ತಕ್ಕೆ ಹೋಲಿಸಲು ಮನಸ್ಸಾಗುವುದು ಸಹಜ; ಆದರೆ ಹೋಲಿಕೆಯು ಪೂರ್ಣವಾಗಿ ಹೊಂದದು. ಪ್ರಾಯಶ್ಚಿತ್ತವನ್ನು ಒಮ್ಮೆ ಮಾಡಿಕೊಂಡವನು ಶುದ್ಧನಾಗುವನು. ಇಲ್ಲಿಯ ದಂಡವಾದರೋ ಬಿ ಭಾಗವಿರುವಷ್ಟು ಕಾಲವೂ, ಎಂದರೆ ಬಹುಮಟ್ಟಿಗೆ ಜೀವಾವಧಿಯೂ, ಬೆನ್ನು ಬಿಡದು. ಡಿ ಭಾಗದ ದಂಡವೂ ಇಂತಹುದೇ. ಅದನ್ನು ವರ್ಷದಿಂದಲ್ಲ, ತಿಂಗಳಿನಿಂದ ಎಣಿಸುವರು. ತಕ್ಕ ಔಷಧವಿಮೆಯಿಲ್ಲದೆ ಕಳೆದ ಒಂದೊಂದು ತಿಂಗಳಿಗೂ, ದೇಶಕ್ಕೆಲ್ಲ ಗೊತ್ತುಪಡಿಸಿದ ಆಧಾರಮೊತ್ತದಲ್ಲಿ ನೂರಕ್ಕೊಂದು ಪಾಲು ಸೇರುವುದು. ೨೦೨೫ರಲ್ಲಿ ಆ ಮೊತ್ತವು ೩೬.೭೮ ಡಾಲರ್; ಇಪ್ಪತ್ತು ತಿಂಗಳು ಬಿಟ್ಟವನಿಗೆ ತಿಂಗಳಿಗೆ ಸುಮಾರು ೭.೪೦ ಡಾಲರ್ ಹೆಚ್ಚಿತು. ಎ ಭಾಗವು ಹತ್ತು ವರ್ಷ, ಎಂದರೆ ನಲವತ್ತು ತ್ರೈಮಾಸಿಕಗಳಷ್ಟು, ದುಡಿದು ತೆರಿಗೆ ಕೊಟ್ಟವರಿಗೆ ಕಂತಿಲ್ಲದೆ ದೊರೆಯುವುದರಿಂದ ಅವರಿಗೆ ಅದರಲ್ಲಿ ದಂಡವಿಲ್ಲ. ಹಣ ಕೊಟ್ಟು ಅದನ್ನು ಕೊಳ್ಳುವವರು ತಡಮಾಡಿದರೆ ಮಾತ್ರ, ತಪ್ಪಿದ ವರ್ಷಗಳ ಎರಡರಷ್ಟು ಕಾಲ ನೂರಕ್ಕೆ ಹತ್ತು ಹೆಚ್ಚಾಗಿ ತೆರಬೇಕು.

೪. ನೈಮಿತ್ತಿಕ ಕಾಲಗಳು

ಉತ್ಸರ್ಗಕ್ಕೆ ಅಪವಾದವಿರುವಂತೆ ಮೇಲ್ಕಂಡ ನಿಯಮಕ್ಕೂ ಅಪವಾದಗಳುಂಟು. ಒಂದು ನಿಮಿತ್ತವು ಒದಗಿದಾಗ ಮಾತ್ರ ತೆರೆಯುವ ಕಾಲಗಳಾದುದರಿಂದ ಇವನ್ನು ನೈಮಿತ್ತಿಕವೆಂದು ಕರೆಯುವುದು ಯುಕ್ತ.

ಇವುಗಳಲ್ಲಿ ಪ್ರಧಾನವಾದುದು ಉದ್ಯೋಗನಿಮಿತ್ತವಾದುದು. ಅರುವತ್ತೈದು ಕಳೆದರೂ ಕೆಲಸದಲ್ಲಿರುವವನು, ತನ್ನ ಅಥವಾ ತನ್ನ ಪತ್ನಿಯ ಉದ್ಯೋಗದ ಮೂಲಕ ಸಾಮೂಹಿಕ ವಿಮೆಯನ್ನು ಪಡೆದಿದ್ದರೆ, ಬಿ ಭಾಗವನ್ನು ದಂಡವಿಲ್ಲದೆ ಮುಂದೂಡಬಹುದು. ಉದ್ಯೋಗವಾಗಲಿ ಆ ವಿಮೆಯಾಗಲಿ, ಯಾವುದು ಮೊದಲು ಮುಗಿಯುವುದೋ ಅದರಿಂದ ಎಂಟು ತಿಂಗಳೊಳಗಾಗಿ ಅವನು ಹೆಸರನ್ನು ಬರೆಯಿಸಬೇಕು. ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯಲ್ಲಿ ಸಾಮಾನ್ಯವಾಗಿ ಮೆಡಿಕೇರೇ ಮೊದಲು ಹಣ ಕೊಡತಕ್ಕದ್ದಾದುದರಿಂದ, ಅಂತಹ ಕಡೆ ಮುಂದೂಡುವುದು ಅಪಾಯಕರ.

‘ಉದ್ಯೋಗದ ಮೂಲಕ’ ಎಂಬುದಕ್ಕೆ ಈಗ ನಡೆಯುತ್ತಿರುವ ಉದ್ಯೋಗವೆಂದೇ ಅರ್ಥ. ಕೆಲಸ ಬಿಟ್ಟವನು ಕೋಬ್ರಾ ಎಂಬ ಶಾಸನದ ಮೇರೆಗೆ, ತನ್ನ ಕೈಯಿಂದ ಹಣ ಕೊಟ್ಟು ಹಳೆಯ ವಿಮೆಯನ್ನು ಸಾಧಾರಣವಾಗಿ ಹದಿನೆಂಟು ತಿಂಗಳು ಉಳಿಸಿಕೊಳ್ಳಬಹುದು. ವಿಮೆಯು ಹಳೆಯದೇ, ಪತ್ರವೂ ಹಳೆಯದೇ, ವೈದ್ಯರೂ ಅವರೇ. ಆದರೂ ಶಾಸನದ ದೃಷ್ಟಿಯಲ್ಲಿ ಅದು ಉದ್ಯೋಗದ ವಿಮೆಯಲ್ಲ. ಹದಿನೆಂಟು ತಿಂಗಳು ಮುಗಿದ ಮೇಲೆ ಸೇರಿದರಾಯಿತೆಂದು ನೆಮ್ಮದಿಯಾಗಿರುವವನಿಗೆ, ಎಂಟು ತಿಂಗಳ ಅವಕಾಶವು ಹತ್ತು ತಿಂಗಳ ಹಿಂದೆಯೇ ತೀರಿತೆಂಬುದು ಕೊನೆಯಲ್ಲಿ ತಿಳಿಯುವುದು. ನಿವೃತ್ತರಿಗೆ ಹಳೆಯ ಯಜಮಾನರು ಕೊಡುವ ವಿಮೆಗೂ ಇದೇ ನ್ಯಾಯ. ಶಬ್ದದ ಅರ್ಥವನ್ನು ಲೋಕರೂಢಿಯಿಂದ ಗ್ರಹಿಸಿ, ಶಾಸನದ ಪರಿಭಾಷೆಯನ್ನು ಗಮನಿಸದಿದ್ದರೆ ಒದಗುವ ನಷ್ಟಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರೆಯುವುದು ಕಷ್ಟ.

ಸಿ, ಡಿ ಭಾಗಗಳಿಗೆ ನಿಮಿತ್ತಗಳೂ ಅವಧಿಗಳೂ ಬೇರೆ. ಉದ್ಯೋಗದ ವಿಮೆಯು ಹೋದವನಿಗೆ ಇಲ್ಲಿ ಎಂಟಲ್ಲ, ಎರಡು ತಿಂಗಳು ಮಾತ್ರ. ಯೋಜನೆಯು ನಡೆಯುವ ಸೀಮೆಯನ್ನು ಬಿಟ್ಟು ಮನೆಯನ್ನು ಬದಲಾಯಿಸಿದವರಿಗೂ, ಪರದೇಶದಲ್ಲಿ ವಾಸವಾಗಿದ್ದು ಹಿಂದಿರುಗಿದವರಿಗೂ, ಯೋಜನೆಯೇ ನಿಂತುಹೋದವರಿಗೂ ಬದಲಾವಣೆಗೆ ಅವಕಾಶವುಂಟು. ಸರಕಾರವು ಯೋಜನೆಗಳ ಗುಣವನ್ನು ನಕ್ಷತ್ರಗಳಿಂದ ಗುರುತಿಸುವುದು. ಐದು ನಕ್ಷತ್ರ ಪಡೆದ ಯೋಜನೆಗೆ ಡಿಸೆಂಬರ್ ೮ರಿಂದ ಮುಂದಿನ ನವಂಬರ್ ೩೦ರ ವರೆಗೆ ಒಮ್ಮೆ ಸೇರಬಹುದು. ೨೦೨೩ರಿಂದ, ಪ್ರಕೃತಿವಿಕೋಪಕ್ಕೆ ಸಿಕ್ಕಿದವರಿಗೂ, ಯಜಮಾನರ ತಪ್ಪು ತಿಳಿವಳಿಕೆಯಿಂದ ಮೋಸಹೋದವರಿಗೂ, ಸೆರೆಯಿಂದ ಬಿಡುಗಡೆಯಾದವರಿಗೂ, ಬಡವರ ವಿಮೆಯಾದ ಮೆಡಿಕೇಡನ್ನು ಕಳೆದುಕೊಂಡವರಿಗೂ ಎ, ಬಿ ಭಾಗಗಳಲ್ಲಿ ವಿಶೇಷಕಾಲವನ್ನು ಕಲ್ಪಿಸಿದ್ದಾರೆ.

೫. ವರ್ಷಂಪ್ರತಿ ಬರುವ ಕಾಲ

ಪ್ರತಿ ವರ್ಷವೂ ಅಕ್ಟೋಬರ್ ೧೫ರಿಂದ ಡಿಸೆಂಬರ್ ೭ರ ವರೆಗೆ ಬದಲಾವಣೆಯ ಕಾಲ. ಈಗಾಗಲೇ ಮೆಡಿಕೇರಿನಲ್ಲಿರುವವನು ಆಗ ಮೂಲ ಮಾರ್ಗದಿಂದ ಅಡ್ವಾಂಟೇಜ್ ಮಾರ್ಗಕ್ಕೂ, ಅದರಿಂದ ಮೂಲಕ್ಕೂ, ಒಂದು ಯೋಜನೆಯಿಂದ ಮತ್ತೊಂದಕ್ಕೂ ಹೋಗಬಹುದು. ಡಿ ಭಾಗವನ್ನು ಸೇರಬಹುದು, ಬಿಡಬಹುದು, ಬದಲಾಯಿಸಬಹುದು. ಆರಿಸಿಕೊಂಡುದು ಜನವರಿ ೧ರಿಂದ ಸಲ್ಲುವುದು. ಮುಂದಿನ ವರ್ಷದ ಕಂತು, ಔಷಧಗಳ ಪಟ್ಟಿ ಮೊದಲಾದುವುಗಳಲ್ಲಿ ಆಗುವ ಮಾರ್ಪಾಡುಗಳನ್ನು ಯೋಜನೆಯವರು ಸೆಪ್ಟೆಂಬರ್ ೩೦ರೊಳಗೆ ತಿಳಿಸತಕ್ಕದ್ದು. ಆ ಪತ್ರವನ್ನು ಓದದೆ ಬದಿಗಿಟ್ಟವನು, ತನ್ನ ಔಷಧವು ಪಟ್ಟಿಯಿಂದ ಹೋಯಿತೆಂಬುದನ್ನು ಜನವರಿಯಲ್ಲಿ ಔಷಧದಂಗಡಿಯಲ್ಲಿ ಅರಿಯುವನು.

ಈ ಕಾಲದ ವಿಷಯದಲ್ಲಿ ಒಂದು ಭ್ರಾಂತಿಯು ಬಹಳವಾಗಿ ಹರಡಿದೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವುದೆಂದು ಕೇಳಿದವರು, ಬಿ ಭಾಗಕ್ಕೆ ಹೊಸದಾಗಿ ಸೇರುವುದಕ್ಕೂ ಇದೇ ಕಾಲವೆಂದು ತಿಳಿಯುವರು. ಅದು ಸರಿಯಲ್ಲ. ಒಳಗಿರುವವರು ಕೋಣೆಯಿಂದ ಕೋಣೆಗೆ ಹೋಗಲು ಇದು ಕಾಲ. ಹೊರಗಿರುವವರು ಮನೆಯನ್ನು ಪ್ರವೇಶಿಸಲು ಅಲ್ಲ.

ಜನವರಿ ೧ರಿಂದ ಮಾರ್ಚ್ ೩೧ರ ವರೆಗೆ ಇನ್ನೊಂದು ಕಾಲವುಂಟು. ಇದು ೨೦೧೯ರಲ್ಲಿ ಬಂದದ್ದು. ಅಡ್ವಾಂಟೇಜ್ ಯೋಜನೆಯಲ್ಲಿರುವವರಿಗೆ ಮಾತ್ರ ಸಂಬಂಧಪಟ್ಟದ್ದು. ಅವರು ಒಂದೇ ಒಂದು ಸಲ ಬೇರೆ ಯೋಜನೆಗೆ ಹೋಗಬಹುದು, ಇಲ್ಲವೆ ಮೂಲ ಮೆಡಿಕೇರಿಗೆ ಮರಳಿ ಅದರೊಡನೆ ಡಿ ಭಾಗವನ್ನು ಸೇರಬಹುದು. ಬಿ ಭಾಗಕ್ಕೆ ತಡವಾಗಿ ಸೇರುವವರ ಗೌಣಕಾಲವೂ ಇದೇ ಮೂರು ತಿಂಗಳಾದುದರಿಂದ, ದಿನಗಳು ಒಂದೇ ಆದರೂ ವಿಧಿಗಳು ಎರಡೆಂಬುದನ್ನು ನೆನಪಿನಲ್ಲಿಡಬೇಕು.

೬. ಮರಳಿ ಬಾರದ ಆರು ತಿಂಗಳು

ಮೇಲೆ ಹೇಳಿದ ಕಾಲಗಳೆಲ್ಲ ತಪ್ಪಿದರೆ ತಿರುಗಿ ಬರುವಂತಹವು, ಇಲ್ಲವೆ ದಂಡದಿಂದ ಸರಿಹೋಗುವಂತಹವು. ತಿರುಗಿ ಬಾರದ ಕಾಲವೊಂದಿದೆ. ಎಲ್ಲಕ್ಕಿಂತ ಹೆಚ್ಚು ಎಚ್ಚರವು ಬೇಕಾದುದು ಅಲ್ಲಿ.

ಮೂಲ ಮೆಡಿಕೇರಿನಲ್ಲಿ ಬಿ ಭಾಗದ ಸೇವೆಗಳಿಗೆ, ವಾರ್ಷಿಕ ಮೊದಲ ಪಾಲು ಕಳೆದ ಮೇಲೆ, ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು ರೋಗಿಯದು, ಅದಕ್ಕೆ ಮೇಲ್ಮಿತಿಯಿಲ್ಲ. ದೀರ್ಘವ್ಯಾಧಿಯಲ್ಲಿ ಈ ಐದನೆಯ ಒಂದು ಪಾಲೇ ಮನೆಯನ್ನು ಮುಳುಗಿಸಬಲ್ಲುದು. ಅದನ್ನು ತಡೆಯುವುದಕ್ಕೆ ಮೆಡಿಗ್ಯಾಪ್ ಇರುವುದು. ಅರುವತ್ತೈದು ತುಂಬಿ ಬಿ ಭಾಗಕ್ಕೆ ಸೇರಿದ ತಿಂಗಳಿಂದ ಆರು ತಿಂಗಳು, ಆ ಸಂಸ್ಥಾನದಲ್ಲಿ ಮಾರುವ ಯಾವ ಮೆಡಿಗ್ಯಾಪನ್ನಾದರೂ ಅವನಿಗೆ ಕೊಡಲೇಬೇಕು. ರೋಗವಿದೆಯೆಂದು ನಿರಾಕರಿಸುವಂತಿಲ್ಲ, ಹೆಚ್ಚು ಬೆಲೆ ಕೇಳುವಂತಿಲ್ಲ. ಆರು ತಿಂಗಳು ಕಳೆದರೆ, ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇಯ್ನ್ ಎಂಬ ನಾಲ್ಕು ಸಂಸ್ಥಾನಗಳ ಹೊರತು ಬಹುಮಟ್ಟಿಗೆ ಎಲ್ಲ ಕಡೆಯೂ ಕಂಪನಿಯು ಆರೋಗ್ಯವನ್ನು ವಿಚಾರಿಸಿ ‘ಇಲ್ಲ’ವೆನ್ನಬಹುದು.

ಅರುವತ್ತೈದರಲ್ಲಿ ಆರೋಗ್ಯವಾಗಿದ್ದ ಒಬ್ಬಾಕೆಯು, ಕಂತು ಕಡಿಮೆಯೆಂದು ಅಡ್ವಾಂಟೇಜ್ ಮಾರ್ಗವನ್ನು ಹಿಡಿದಳೆಂದು ಭಾವಿಸಬಹುದು. ಎಪ್ಪತ್ತೆರಡರಲ್ಲಿ ಕಠಿನವಾದ ರೋಗವು ಬಂದಿತು. ಆಕೆಗೆ ಬೇಕಾದ ವೈದ್ಯರು ಯೋಜನೆಯ ಪಟ್ಟಿಯಲ್ಲಿಲ್ಲ. ಅಕ್ಟೋಬರಿನಲ್ಲಿ ಆಕೆ ಮೂಲ ಮೆಡಿಕೇರಿಗೆ ಮರಳಬಹುದು; ಶಾಸನವು ತಡೆಯದು. ಆದರೆ ಮೆಡಿಗ್ಯಾಪ್ ಮಾತ್ರ ದೊರೆಯದು. ನೂರಕ್ಕೆ ಇಪ್ಪತ್ತರ ಭಾರವು ಆಕೆಯ ತಲೆಯ ಮೇಲೆ ನಿಲ್ಲುವುದು. ವರ್ಷಂಪ್ರತಿ ಬದಲಾಯಿಸಬಹುದೆಂಬ ಮಾತು ಶಬ್ದತಃ ಸತ್ಯ. ಫಲತಃ ರೋಗಿಯ ಪಾಲಿಗೆ ಅರ್ಧಸತ್ಯ.

ಇದಕ್ಕೂ ಸ್ವಲ್ಪ ಪರಿಹಾರವುಂಟು. ಅರುವತ್ತೈದರಲ್ಲಿ ಮೊದಲಿಗೇ ಅಡ್ವಾಂಟೇಜನ್ನು ಸೇರಿದವರು ಹನ್ನೆರಡು ತಿಂಗಳೊಳಗೆ ಮರಳಿದರೆ ಮೆಡಿಗ್ಯಾಪನ್ನು ನಿರಾಕರಿಸುವಂತಿಲ್ಲ. ಮೆಡಿಗ್ಯಾಪನ್ನು ಬಿಟ್ಟು ಮೊದಲ ಬಾರಿಗೆ ಅಡ್ವಾಂಟೇಜಿಗೆ ಹೋದವರಿಗೂ ಹನ್ನೆರಡು ತಿಂಗಳೊಳಗೆ ತಮ್ಮ ಹಳೆಯ ಪತ್ರವನ್ನು, ಅದು ಇನ್ನೂ ಮಾರಾಟದಲ್ಲಿದ್ದರೆ, ಮರಳಿ ಪಡೆಯುವ ಹಕ್ಕಿದೆ. ಪರೀಕ್ಷಿಸಿ ನೋಡುವುದಕ್ಕೆ ಶಾಸನವು ಕೊಟ್ಟ ಅವಕಾಶವು ಒಂದು ವರ್ಷ. ಆಮೇಲೆ ಆರಿಸಿದುದೇ ಗತಿ.

೭. ಭಾರತದಿಂದ ಹೋದ ವೃದ್ಧರು

ಮಕ್ಕಳು ಕರೆಯಿಸಿಕೊಂಡುದರಿಂದ ಶಾಶ್ವತವಾಸದ ಹಕ್ಕನ್ನು, ಎಂದರೆ ಗ್ರೀನ್ ಕಾರ್ಡನ್ನು, ಪಡೆದು ಹೋಗುವ ತಾಯಿತಂದೆಗಳಿಗೆ ವಯಸ್ಸೊಂದೇ ಸಾಲದು. ಅಲ್ಲಿ ತಾವು ದುಡಿಯದವರು ಅರ್ಜಿಗೆ ಹಿಂದಿನ ಐದು ವರ್ಷ ಎಡೆಬಿಡದೆ ಆ ದೇಶದಲ್ಲಿ ನೆಲಸಿರಬೇಕು. ಅವರ ಏಳು ತಿಂಗಳು ಹುಟ್ಟಿದ ತಿಂಗಳನ್ನಲ್ಲ, ಅಧಿಕಾರವು ಮೊದಲು ಪೂರ್ಣವಾದ ತಿಂಗಳನ್ನು ಅನುಸರಿಸುವುದು. ಅರುವತ್ತೆಂಟರಲ್ಲಿ ಹೋದವರಿಗೆ ಎಪ್ಪತ್ತಮೂರರ ಸುಮಾರಿಗೆ ಮುಖ್ಯಕಾಲವು ಬರುವುದು. ಅದನ್ನು ಬಿಟ್ಟರೆ ಉಳಿದವರಂತೆ ಅವರಿಗೂ ದಂಡವುಂಟು.

ಭಾರತದಲ್ಲಿ ದುಡಿದ ವರ್ಷಗಳು ನಲವತ್ತು ತ್ರೈಮಾಸಿಕಗಳ ಲೆಕ್ಕಕ್ಕೆ ಬಾರವು. ಬದುಕಿರುವ ಮಗನು ಅಲ್ಲಿ ದುಡಿದುದೂ ತಾಯಿತಂದೆಗಳಿಗೆ ಸಲ್ಲದು. ಗಂಡನ ದುಡಿಮೆಯು ಹೆಂಡತಿಗೂ ಹೆಂಡತಿಯದು ಗಂಡನಿಗೂ ಸಲ್ಲುವುದುಂಟು. ಆದುದರಿಂದ ಅವರಲ್ಲಿ ಅನೇಕರು ಎ ಭಾಗವನ್ನು ಹಣ ಕೊಟ್ಟೇ ಕೊಳ್ಳಬೇಕು. ೨೦೨೫ರಲ್ಲಿ ಅದರ ಪೂರ್ಣ ಕಂತು ತಿಂಗಳಿಗೆ ೫೧೮ ಡಾಲರ್. ಇಷ್ಟಾದರೂ ಮೆಡಿಕೇರ್ ಸಾಮಾನ್ಯವಾಗಿ ಆ ದೇಶದ ಗಡಿಯೊಳಗಿನ ಚಿಕಿತ್ಸೆಗೆ ಮಾತ್ರ ಸಲ್ಲುವುದು. ಮಾಗಿಯಲ್ಲಿ ಮೈಸೂರಿಗೋ ಧಾರವಾಡಕ್ಕೋ ಬಂದು ಕಾಯಿಲೆ ಬಿದ್ದವರಿಗೆ ಇಲ್ಲಿಯ ಆಸ್ಪತ್ರೆಯ ವೆಚ್ಚವನ್ನು ಅದು ಕೊಡದು.

೮. ಆಕ್ಷೇಪ ಮತ್ತು ಸಮಾಧಾನ

ವೃದ್ಧರ ರಕ್ಷಣೆಗಾಗಿಯೇ ಮಾಡಿದ ಶಾಸನದಲ್ಲಿ, ವೃದ್ಧರನ್ನೇ ಕಾಲದ ನೆಪದಿಂದ ಹೊರಗೆ ನಿಲ್ಲಿಸುವುದು ನ್ಯಾಯವೆ ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ವಿಮೆಯ ಸ್ವರೂಪದಲ್ಲಿಯೇ ಇದೆ. ಆರೋಗ್ಯವುಳ್ಳವರೂ ರೋಗಿಗಳೂ ಕೂಡಿ ಹಾಕಿದ ಹಣದಿಂದ ರೋಗಿಯ ವೆಚ್ಚವು ನಡೆಯುವುದು ವಿಮೆ. ಯಾವಾಗ ಬೇಕಾದರೂ ಸೇರಬಹುದೆಂದಾದರೆ, ಆರೋಗ್ಯವಿರುವ ತನಕ ಯಾರೂ ಸೇರದೆ, ರೋಗವು ಬಂದೊಡನೆ ಎಲ್ಲರೂ ಸೇರುವರು. ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯು ಅಲ್ಲಿ ನಿಜವಾಗುವುದು. ನಿಧಿಯು ಬತ್ತುವುದು, ಕಂತು ಏರುವುದು. ಕಾಲನಿಯಮವೂ ದಂಡವೂ ಮೊದಲೇ ಬಾವಿಯನ್ನು ತೋಡಿಸುವ ಉಪಾಯಗಳು.

ಈ ಸಮಾಧಾನವು ಯುಕ್ತವಾದರೂ ಪೂರ್ಣವಲ್ಲ. ದಂಡವು ತಿಳಿದೂ ತಪ್ಪಿದವನಿಗೆ ನ್ಯಾಯ. ತಿಳಿಯದೆ ತಪ್ಪಿದವನಿಗೆ ಕಠಿನ. ಸರಕಾರವೇ ಸೇರಿಸುತ್ತಿದ್ದ ಕಾಲದಲ್ಲಿ ಅಜ್ಞಾನದಿಂದ ಹಾನಿಯು ಕಡಿಮೆಯಾಗಿತ್ತು; ವೇತನದ ವಯಸ್ಸೂ ವಿಮೆಯ ವಯಸ್ಸೂ ಅಗಲಿದ ಮೇಲೆ ತಿಳಿಯುವ ಭಾರವು ವೃದ್ಧನ ಮೇಲೆ ಬಿದ್ದಿತು. ೨೦೨೩ರ ಮಾರ್ಪಾಡುಗಳು ಕಾಯುವ ತಿಂಗಳುಗಳನ್ನು ತೆಗೆದು, ಮೋಸಹೋದವರಿಗೆ ದಾರಿಯನ್ನು ತೆರೆದು, ಆ ಭಾರವನ್ನು ಸ್ವಲ್ಪ ಇಳಿಸಿವೆ. ಮೆಡಿಗ್ಯಾಪಿನ ಆರು ತಿಂಗಳು ಮಾತ್ರ ಬಹುತೇಕ ಸಂಸ್ಥಾನಗಳಲ್ಲಿ ಹಾಗೆಯೇ ಉಳಿದಿದೆ.

ಒಟ್ಟಿನಲ್ಲಿ ಅರುವತ್ತೈದನ್ನು ಸಮೀಪಿಸಿದವನು ಮೂರು ತಾರೀಖುಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು: ತನ್ನ ಏಳು ತಿಂಗಳು ಮುಗಿಯುವ ದಿನ, ಉದ್ಯೋಗವಿದ್ದರೆ ಅದು ನಿಂತ ಮೇಲಿನ ಎಂಟು ತಿಂಗಳ ಕೊನೆ, ಬಿ ಭಾಗವು ಮೊದಲಾದ ಮೇಲಿನ ಆರು ತಿಂಗಳ ಕೊನೆ. ಅಕ್ಟೋಬರಿನ ಕಾಲವು ಪ್ರತಿ ವರ್ಷವೂ ತಾನಾಗಿ ನೆನಪಿಗೆ ಬರುವುದು. ಇವು ಮೂರು ನೆನಪು ಮಾಡಿಕೊಂಡವನಿಗೆ ಮಾತ್ರ ಒದಗುವುವು. ಮನೆಯಲ್ಲಿ ಓದುಬಲ್ಲ ಕಿರಿಯರಿದ್ದರೆ ಈ ಲೆಕ್ಕವನ್ನು ಹಿರಿಯರೊಡನೆ ಕುಳಿತು ಮಾಡುವುದು ಅವರ ಕರ್ತವ್ಯ. ಹಿರಿಯರ ಆರೋಗ್ಯವು ಚೆನ್ನಾಗಿರುವಾಗಲೇ ಅದನ್ನು ಮಾಡತಕ್ಕದ್ದು.